ಕಾನಾ ಮದುವೆಯ ಉಗ್ರಾಣ

ನಾನು ಹಗೆ ಸಾಧಿಸುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧ್ವಿ ಅಂದುಕೊಂಡು ಮೋಸ ಹೋಗುವುದು ಬೇಡ. ಪ್ರತಿ ಭಾನುವಾರ ಚರ್ಚಿನ ಆರಾಧನೆಗೆ ಹೋಗುತ್ತೇನೆ, ಕ್ಷಮೆಯ ಮೇಲೆ ಪಾಸ್ಟರ್ ಮಾಡುವ ಪ್ರಸಂಗ ಕೇಳುತ್ತೇನೆ, ಎಲ್ಲರ ಜೊತೆ ಆಮೆನ್ ಅನ್ನುತ್ತೇನೆ. ಆದರೆ ಎಂಟನೇ ಕ್ಲಾಸಿನಲ್ಲಿ ನನ್ನ ಜಾಮಿಟ್ರಿ ಬಾಕ್ಸ್ ಕದ್ದವಳು ಇವತ್ತು ಎದುರಿಗೆ ಬಂದರೂ ಮೊದಲು ಅದನ್ನೇ ಕೇಳುತ್ತೇನೆ. ಇಂಥ ನನ್ನ ಕಣ್ಣೆದುರಿಗೇ ನನ್ನ ಅಮ್ಮನನ್ನು ಹದಿನೈದು ಜನರ ಮಧ್ಯೆ ಒಬ್ಬರು ನಗೆಪಾಟಲು ಮಾಡಿದರು. 'ಒಬ್ಬರು' ಅಂತ ಮರ್ಯಾದೆ ಕೊಟ್ಟು ಬರೆಯುತ್ತಿದ್ದೇನೆ. ಆಮೇಲಿನ ಎರಡು ತಿಂಗಳು ಮನಸ್ಸಿನಲ್ಲಿ ಅವರನ್ನು ಏಕವಚನದಲ್ಲೇ ಕರೆದಿದ್ದೆ.

ಅವರು ದೆಹಲಿಯ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯ ಹಿರಿಯರು. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ವಸಂತ್ ಕುಂಜ್‌ನಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದ ಫ್ಲ್ಯಾಟಿನಲ್ಲಿ ಹೆಂಡತಿಯ ಜೊತೆ ಇದ್ದಾರೆ. ಭಾನುವಾರ ಬೆಳಗಿನ ಆರಾಧನೆ ಮುಗಿದೊಡನೆ ಎಲ್ಲರೂ ಚದುರಿಹೋಗಿ, ಮಧ್ಯಾಹ್ನ ಮೂರಕ್ಕೆ ನಾವೆಲ್ಲ ಅವರ ಮನೆಯಲ್ಲಿ ಸೇರುತ್ತಿದ್ದೆವು. ಯೂನಿವರ್ಸಿಟಿಯ ಹಾಸ್ಟೆಲ್ ಮಕ್ಕಳು, ಗುರುಗ್ರಾಮದ ಆಫೀಸುಗಳಲ್ಲಿ ಕೆಲಸ ಮಾಡುವ ಗಂಡ-ಹೆಂಡಿರು, ಮಾನೇಸರ್‌ನ ಕಾರಿನ ಬಿಡಿಭಾಗದ ಫ್ಯಾಕ್ಟರಿಯಿಂದ ಎರಡು ಕಡೆ ಆಟೋ ಬದಲಿಸಿ ಬರುತ್ತಿದ್ದ ಒಬ್ಬ ಇಂಜಿನಿಯರ್. ಸೇರುತ್ತಿದ್ದದ್ದು ಯೇಸು ಸ್ವಾಮಿಯ ಜೀವನದ ಟೀವಿ ಸೀರಿಯಲ್ ನೋಡಲಿಕ್ಕೆ. ವಾರಕ್ಕೆ ಒಂದೇ ಕಂತು. ಮುಕ್ಕಾಲು ಗಂಟೆಯ ಆ ಕಂತು ಮುಗಿಯುವ ಹೊತ್ತಿಗೆ ಐದೂವರೆ ಆಗಿರುತ್ತಿತ್ತು.

ಯಾಕೆಂದರೆ ಹಿರಿಯರದೊಂದು ನಿಯಮ ಇತ್ತು. ರಿಮೋಟ್ ಅವರ ಕೈಯಲ್ಲಿ. ತೆರೆಯ ಮೇಲೆ ನಡೆಯುತ್ತಿರುವುದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಲ್ಲ ಅಂತ ಯಾರಿಗೆ ಅನ್ನಿಸಿದರೂ "ನಿಲ್ಲಿಸಿ" ಅನ್ನಬಹುದು. ಅವರು ನಿಲ್ಲಿಸುತ್ತಿದ್ದರು. 'ಇದೆ' ಎಂದು ವಾದಿಸುವವರು ಎರಡು ನಿಮಿಷದಲ್ಲಿ ಅಧ್ಯಾಯ, ವಚನ ತೆಗೆದು ತೋರಿಸಬೇಕು. ಅವರು ಕೈಗಡಿಯಾರ ನೋಡುತ್ತಾ ಕೂರುತ್ತಿದ್ದರು. ತೋರಿಸಿದರೆ ಉದ್ದನೆಯ ನೋಟ್‌ಬುಕ್ಕಿನಲ್ಲಿ 'ಇದೆ', ತೋರಿಸದಿದ್ದರೆ 'ಇಲ್ಲ'. ಒಂದು ಸಲ ಯೇಸು ಸ್ವಾಮಿ ಶಿಷ್ಯರ ಜೊತೆ ಜೋರಾಗಿ ನಕ್ಕುಬಿಟ್ಟರು ಅಂತ ಅರ್ಧ ಗಂಟೆ ಜಗಳ. "ಅತ್ತರು ಅಂತ ಬರೆದಿದೆ, ನಕ್ಕರು ಅಂತ ಎಲ್ಲಿದೆ?" ಎಂದು ಹಿರಿಯರು. "ಬರೆದಿಲ್ಲ ಅಂದ್ರೆ ಮೂವತ್ತಮೂರು ವರ್ಷ ನಗಲೇ ಇಲ್ಲ ಅಂತಲಾ ಅಂಕಲ್?" ಎಂದು ಇಂಜಿನಿಯರ್. ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಆ ಭಾನುವಾರಗಳು ಬಹಳ ಇಷ್ಟವಾಗಿದ್ದವು.

ನನಗಿಂತ ಹೆಚ್ಚು ಇಷ್ಟವಾಗಿದ್ದದ್ದು ಅಮ್ಮನಿಗೆ. ಅಪ್ಪ ಹೋದ ಮೇಲೆ ತುಮಕೂರಿನಿಂದ ಅವಳನ್ನು ಕರೆತಂದು ನನ್ನ ಜೊತೆ ಇಟ್ಟುಕೊಂಡಿದ್ದೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬೆಳಗ್ಗೆ ಹೋದರೆ ಬರುವುದು ಸಂಜೆ. ಅಮ್ಮನಿಗೆ ಹಿಂದಿ ಬಾರದು. ತರಕಾರಿ ಭಯ್ಯಾನಿಗೆ ಬೆರಳು ಎತ್ತಿ ತೋರಿಸುತ್ತಾಳೆ, ಪಕ್ಕದ ಮನೆ ಪಂಜಾಬಿ ಹೆಂಗಸಿಗೆ ನಗು ತೋರಿಸುತ್ತಾಳೆ, ಮುಗಿಯಿತು. ಫೋನಿನಲ್ಲಿ ಚಿಕ್ಕಮ್ಮನ ಜೊತೆ ಮಾತಾಡಿದರೂ, ಎದುರಿಗೆ ಒಂದು ಮುಖ ಇಟ್ಟುಕೊಂಡು, ನಡುವೆ ಬಾಯಿ ಹಾಕಿ, ಕೈ ಆಡಿಸಿಕೊಂಡು ಮಾತಾಡುವುದಕ್ಕೆ ನನ್ನನ್ನು ಬಿಟ್ಟರೆ ಇಡೀ ದೆಹಲಿಯಲ್ಲಿ ಅವಳಿಗೆ ಇದ್ದದ್ದು ಆ ಒಂದು ಮನೆ, ವಾರಕ್ಕೆ ಒಂದು ಮಧ್ಯಾಹ್ನ. ಮೊದಲ ದಿನ ಬಾಗಿಲು ತೆಗೆದ ಹಿರಿಯರು ಅಡ್ಡ ನಿಂತು, "ಜಾಗ ಇಲ್ಲಮ್ಮಾ, ಜಾಗ ಇಲ್ಲ!" ಎಂದಿದ್ದರು. ಅಮ್ಮ ಗಾಬರಿಯಾದಳು. ಆಮೇಲೆ ಗೊತ್ತಾಯಿತು, ಅದು ಕ್ರಿಸ್‌ಮಸ್ ನಾಟಕದಲ್ಲಿ ಅವರ ಡೈಲಾಗು. ಇಪ್ಪತ್ತು ವರ್ಷಕ್ಕೂ ಮೇಲಿಂದ ನಮ್ಮ ಸಭೆಯ ನಾಟಕದಲ್ಲಿ ಬೇತ್ಲೆಹೇಮಿನ ಛತ್ರದ ಯಜಮಾನನ ಪಾತ್ರ ಅವರದೇ. ಕಂಬಳಿ ಹೊದ್ದು, ಲಾಟೀನು ಹಿಡಿದು, ಬಸುರಿ ಮರಿಯಳನ್ನು ಬಾಗಿಲಲ್ಲೇ ತಡೆದು ಹಾಗೆ ಕೂಗುತ್ತಾರೆ. ಕೆಳಗೆ ಕೂತ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ. ವಿಷಯ ಗೊತ್ತಾದ ಮೇಲೆ ಅಮ್ಮ ದೆಹಲಿಗೆ ಬಂದು ಮೊದಲ ಸಲ ಬಾಯ್ತುಂಬಾ ನಕ್ಕಿದ್ದಳು.

ಅಕ್ಟೋಬರಿನ ಒಂದು ಭಾನುವಾರ ಕಾನಾ ಊರಿನ ಮದುವೆಯ ಕಂತು ಬಂತು. ದ್ರಾಕ್ಷಾರಸ ಮುಗಿದುಹೋಗಿ, ಯೇಸು ಸ್ವಾಮಿ ನೀರನ್ನೇ ದ್ರಾಕ್ಷಾರಸ ಮಾಡುವ ಕಥೆ. ಸೀರಿಯಲ್ಲಿನ ಮಾತೆಲ್ಲ ಹಿಂದಿ ಆದ್ದರಿಂದ ಅಮ್ಮ ಕಿವಿ ಬಿಟ್ಟು ಕಣ್ಣಿನಲ್ಲೇ ನೋಡುತ್ತಿದ್ದಳು. ತೆರೆಯ ಮೇಲೆ ಯೇಸುವಿನ ತಾಯಿ ಸೆರಗು ಸಿಕ್ಕಿಸಿ, ಹಿಂದಿನ ಕೋಣೆಯಲ್ಲಿ ಹೆಂಗಸರ ಜೊತೆ ಹಿಟ್ಟು ನಾದುತ್ತಾ, ಮಡಕೆಗಳ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದಳು.

"ನಿಲ್ಲಿಸಿದೆ," ಎಂದು ಹಿರಿಯರು ತಾವೇ ನಿಲ್ಲಿಸಿದರು. "ಇದು ಶುದ್ಧ ಕಲ್ಪನೆ. ಆಕೆ ಮದುವೆಗೆ ಹೋಗಿದ್ದ ಅತಿಥಿ. ಅಡುಗೆ ಕೆಲಸಕ್ಕೆ ಹಚ್ಚಿಬಿಟ್ಟಿದ್ದಾರೆ."

"ಇಲ್ಲ ಸಾರ್, ಸರಿಯಾಗೇ ತೋರಿಸಿದ್ದಾರೆ," ಎಂದಳು ಅಮ್ಮ. "ಆ ತಾಯಿ ಉಗ್ರಾಣ ನೋಡ್ಕೋತಾ ಇದ್ದದ್ದು."

ಅಮ್ಮನಿಗೆ ಆ ವಿಷಯ ಚೆನ್ನಾಗಿ ಗೊತ್ತು. ನಮ್ಮ ಕಡೆ ಯಾರ ಮನೆಯ ಮದುವೆಯಾದರೂ ಉಗ್ರಾಣದ ಬೀಗದ ಕೈ ಅಮ್ಮನ ಸೊಂಟದಲ್ಲೇ ಇರುತ್ತಿತ್ತು. ಅಕ್ಕಿ, ಬೇಳೆ, ಸಕ್ಕರೆ, ಎಣ್ಣೆ ಎಲ್ಲ ಅವಳ ಕೈಯಿಂದಲೇ ಹೊರಗೆ ಹೋಗಬೇಕು. ಅಂಥವಳು ಗಟ್ಟಿ ದನಿಯಲ್ಲಿ ಹೇಳಿದಳು, "ಪದಾರ್ಥ ಮುಗೀತಾ ಬಂತು ಅಂತ ಊಟಕ್ಕೆ ಕೂತೋರಿಗೆ ಗೊತ್ತಾಗಲ್ಲ ಸಾರ್. ಗಂಡಿನ ಅಪ್ಪನಿಗೂ ಗೊತ್ತಾಗಲ್ಲ. ಉಗ್ರಾಣದಲ್ಲಿ ಇದ್ದೋರಿಗೇ ಮೊದಲು ಗೊತ್ತಾಗೋದು. ಆಯಮ್ಮ ಮಗನ ಹತ್ರ ಬಂದು ಹೇಳಿದಳು ಅಂದ್ರೆ ಒಳಗಿಂದಾನೇ ಬಂದಿರಬೇಕು."

"ಅದೆಲ್ಲ ಆಯ್ತು ಅಮ್ಮಾವ್ರೇ. ಎಲ್ಲಿದೆ ತೋರಿಸಿ," ಎಂದು ಹಿರಿಯರು ತಮ್ಮ ಸತ್ಯವೇದವನ್ನು ಅವಳ ತೊಡೆಯ ಮೇಲೆ ಇಟ್ಟು ಗಡಿಯಾರ ನೋಡಿದರು.

ಅಮ್ಮ ಓದಿದ್ದು ಮಿಷನ್ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಓದಲು ಬರುತ್ತದೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು. ಕನ್ನಡಕ ಮನೆಯಲ್ಲಿತ್ತು. ಆ ಪುಸ್ತಕದ ಅಕ್ಷರಗಳೋ ಸಾಸಿವೆಯಷ್ಟಿದ್ದವು. ಅವಳು ಹಾಳೆ ತಿರುವಿದಳು, ಹಿಂದೆ ಹೋದಳು, ಮುಂದೆ ಬಂದಳು, ಆ ಕಥೆ ಇರುವ ಯೋಹಾನನ ಸುವಾರ್ತೆ ಎಲ್ಲಿದೆಯೆಂದು ನನ್ನ ಮುಖ ನೋಡಿದಳು. ನಾನು ಏಳುವಷ್ಟರಲ್ಲಿ, "ಮಗಳು ಸಹಾಯ ಮಾಡೋ ಹಾಗಿಲ್ಲ, ನಿಯಮ ನಿಯಮವೇ," ಎಂದರು ಹಿರಿಯರು. ಎರಡು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. "ಟೈಮ್ ಆಯ್ತು," ಎಂದು ಅವರು ಪುಸ್ತಕ ವಾಪಸ್ ತೆಗೆದುಕೊಂಡರು. "ಅಮ್ಮಾವ್ರೇ, ಇದು ನಿಮ್ಮೂರಿನ ಮದುವೆ ಅಲ್ಲ, ಸತ್ಯವೇದ!"

ಎಲ್ಲರೂ ಘೊಳ್ಳೆಂದು ನಕ್ಕರು. ಇಂಜಿನಿಯರ್ ಅಂತೂ ತೊಡೆ ತಟ್ಟಿಕೊಂಡು ನಕ್ಕ. ನಾನು ನಗಲಿಲ್ಲ, ಆದರೆ ಬಾಯಿಯನ್ನೂ ಬಿಡಲಿಲ್ಲ. ಅಮ್ಮ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ನೋಡಿದಳು. ನೋಟ್‌ಬುಕ್ಕಿನಲ್ಲಿ 'ಇಲ್ಲ' ಎಂದು ಬರೆದದ್ದಾಯಿತು.

ಮುಂದಿನ ಭಾನುವಾರ ಅಮ್ಮನಿಗೆ ಮಂಡಿ ನೋವು. ಅದರ ಮುಂದಿನ ಭಾನುವಾರ ತಲೆ ಭಾರ. ಮೂರನೇ ಭಾನುವಾರ ಕಾರಣ ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ, ಸುಮ್ಮನೆ ಬಾಲ್ಕನಿಯ ಬಿಸಿಲಿಗೆ ಹೋಗಿ ಕೂತಳು. ಈಗ ವಾರದ ಏಳೂ ದಿನ ಅವಳಿಗೆ ಮೌನ. ಹಿರಿಯರು ಒಂದೇ ಒಂದು ದಿನ ಕೇಳಿದರು, "ಅಮ್ಮ ಬರಲಿಲ್ವಾ?" ಎಂದು. ಮಂಡಿ ನೋವು ಅಂದೆ. "ಅಚ್ಛಾ, ಎಣ್ಣೆ ಹಚ್ಚಲಿ," ಎಂದು ರಿಮೋಟ್ ಒತ್ತಿದರು. ಆ ಕ್ಷಣ ನನ್ನ ಮೈಯೆಲ್ಲ ಉರಿದುಹೋಯಿತು. ಇರು, ನಿನಗೆ ಮಾಡ್ತೀನಿ ಅಂದುಕೊಂಡೆ.

ಮೊದಲು ಕಾನಾ ಮದುವೆಯ ಅಧ್ಯಾಯವನ್ನೇ ತೆಗೆದು ಓದಿದೆ. ಅಡುಗೆಮನೆ ಇಲ್ಲ, ಉಗ್ರಾಣ ಇಲ್ಲ. ಹಳೆಯ ದಾಖಲೆ ಓದುವುದೇ ನನ್ನ ಕಸುಬು, ಆದರೂ ಗೆಲ್ಲಿಸುವಂಥದ್ದು ಅದರಲ್ಲಿ ಏನೂ ಕಾಣಲಿಲ್ಲ. ಅದನ್ನು ಅಲ್ಲಿಗೆ ಬಿಟ್ಟು ಆ ಮನುಷ್ಯ ಎಲ್ಲಿ ಸಿಕ್ಕಿಬೀಳುತ್ತಾನೆ ಅಂತ ಹುಡುಕಲು ಶುರುಮಾಡಿದೆ. ಆಗ ಹೊಳೆಯಿತು, ಛತ್ರದ ಯಜಮಾನ! ಲೂಕನ ಸುವಾರ್ತೆ ತೆಗೆದೆ. ಛತ್ರದಲ್ಲಿ ಸ್ಥಳ ಇರಲಿಲ್ಲ ಅನ್ನುವ ಮಾತಿದೆ, ಅಷ್ಟೇ. ಬಾಗಿಲು ತೆಗೆದವನಿಲ್ಲ, ಲಾಟೀನಿಲ್ಲ, ಕಂಬಳಿಯಿಲ್ಲ, ಜಾಗ ಇಲ್ಲ ಅಂದವನೇ ಇಲ್ಲ. ಮತ್ತಾಯನಲ್ಲಿ ಛತ್ರದ ಸುದ್ದಿಯೇ ಇಲ್ಲ. ಇಪ್ಪತ್ತು ವರ್ಷ ಆ ಪಾತ್ರ ಮಾಡಿದ ಮನುಷ್ಯ ಒಂದು ದಿನವೂ ವಚನ ತೆಗೆದು ನೋಡಿರಲಿಲ್ಲ. ನಾವು ಯಾರೂ ನೋಡಿರಲಿಲ್ಲ, ಅದು ಬೇರೆ ಮಾತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಅಮ್ಮ ಏನೇ ಅದು ಅಂದಳು. ಏನಿಲ್ಲ ಅಂದೆ.

ಡಿಸೆಂಬರ್ ಬಂತು. ಕ್ರಿಸ್‌ಮಸ್ ತಿಂಗಳಲ್ವಾ ಅಂಕಲ್, ಜನನದ ಕಂತು ಇನ್ನೊಂದು ಸಲ ನೋಡೋಣ ಅಂತ ನಾನೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಅವರು ಕೈ ಮುಗಿಯುವ ಚಿತ್ರ ಹಾಕಿ ಒಪ್ಪಿದರು. ಆ ಭಾನುವಾರ ಹೊರಗೆ ಹೊಗೆ ಮುಸುಕಿ ಎದುರಿನ ಬ್ಲಾಕ್ ಕಾಣುತ್ತಿರಲಿಲ್ಲ. ಒಳಗೆ ಹೀಟರ್ ಹಚ್ಚಿ ಎಲ್ಲರೂ ಒತ್ತೊತ್ತಾಗಿ ಕೂತಿದ್ದೆವು. ತೆರೆಯ ಮೇಲೆ ಯೋಸೇಫ ಒಂದು ಬಾಗಿಲು ತಟ್ಟಿದ. ದಪ್ಪನೆಯ ಮನುಷ್ಯನೊಬ್ಬ ದೀಪ ಹಿಡಿದು ಬಾಗಿಲು ತೆಗೆದ. ಮಕ್ಕಳು, ದೊಡ್ಡವರು ಎಲ್ಲರೂ ಹಿರಿಯರ ಕಡೆ ತಿರುಗಿದರು. ಅವರು ಖುಷಿಯಿಂದ, "ಜಾಗ ಇಲ್ಲಪ್ಪಾ, ಜಾಗ ಇಲ್ಲ!" ಎಂದರು.

"ನಿಲ್ಲಿಸಿ ಅಂಕಲ್," ಎಂದೆ.

"ಯಾಕಮ್ಮಾ?"

"ಈ ಯಜಮಾನ ಸತ್ಯವೇದದಲ್ಲಿ ಇಲ್ಲ."

"ಚಿಕ್ಕ ಮಗೂನ ಕೇಳಿದ್ರೂ ಹೇಳತ್ತೆ! ಲೂಕ, ಎರಡನೇ ಅಧ್ಯಾಯ."

"ತೋರಿಸಿ," ಎಂದೆ. "ಎರಡು ನಿಮಿಷ." ನನ್ನ ಕೈಗಡಿಯಾರ ಬಿಚ್ಚಿ ಅವರ ಮುಂದಿನ ಟೀಪಾಯಿಯ ಮೇಲೆ ಇಟ್ಟೆ. ಹಾಗೆ ಇಡಬೇಕೆಂದು ಮನೆಯಲ್ಲೇ ಯೋಚಿಸಿಕೊಂಡು ಹೋಗಿದ್ದೆ.

ಅವರು ನಗುತ್ತಲೇ ಪುಸ್ತಕ ತೆಗೆದರು. ಪುಟ ಒಂದೇ ಸಲಕ್ಕೆ ಸಿಕ್ಕಿತು. ಬೆರಳು ಸಾಲಿನ ಮೇಲೆ ಹೋಯಿತು, ನಿಂತಿತು, ವಾಪಸ್ ಬಂತು. ಇನ್ನೊಂದು ಸಲ ಓದಿದರು. ಮತ್ತಾಯನಿಗೆ ಹೋದರು. ಮಾರ್ಕನಿಗೂ ಹೋದರು, ಅವನಲ್ಲಿ ಜನನದ ಕಥೆಯೇ ಇಲ್ಲವೆಂಬುದೂ ಆ ಗಾಬರಿಯಲ್ಲಿ ಮರೆತು. ಕಿವಿ ಕೆಂಪಾದವು. ನಾನು ಒಂದೊಂದು ಸೆಕೆಂಡನ್ನೂ ಸವಿದೆ. ಅಯ್ಯೋ ಪಾಪ ಅಂತ ಒಳಗೆ ಏನಾದರೂ ಮಿಡುಕಿತೇ ಅಂತ ಕೇಳಿದರೆ, ಇಲ್ಲ, ಮಿಡುಕಲಿಲ್ಲ.

"ಟೈಮ್ ಆಯ್ತು ಅಂಕಲ್," ಎಂದೆ. "ಇದು ನಿಮ್ಮ ನಾಟಕ ಅಲ್ಲ, ಸತ್ಯವೇದ."

ಅಮ್ಮನನ್ನು ನೋಡಿ ನಕ್ಕ ಬಾಯಿಗಳೇ ಈಗ ಅವರನ್ನು ನೋಡಿಯೂ ನಕ್ಕವು. ಇಂಜಿನಿಯರ್ ಈ ಸಲವೂ ತೊಡೆ ತಟ್ಟಿಕೊಂಡ. "ಅಂಕಲ್, ಇಪ್ಪತ್ತು ವರ್ಷದಿಂದ ಇಲ್ಲದೇ ಇರೋ ಪಾರ್ಟು ಮಾಡ್ತಿದ್ರಾ!" ಎಂದು ಯಾರೋ ಕಿರುಚಿದರು. ನಾನು ಎದ್ದುಹೋಗಿ ನೋಟ್‌ಬುಕ್ ಎಳೆದುಕೊಂಡು, ಅವರ ಪೆನ್ನಿನಲ್ಲೇ, ದಪ್ಪಗೆ 'ಇಲ್ಲ' ಎಂದು ಬರೆದೆ. ಅವರ ಹೆಂಡತಿ ಟೀ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರೊಬ್ಬರು ನಗಲಿಲ್ಲ. ಹಿರಿಯರು ರಿಮೋಟ್ ಒತ್ತಿ ಟೀವಿ ಆರಿಸಿದರು. "ಚಲೋ, ಇವತ್ತಿಗೆ ಸಾಕು," ಎಂದರು. ಆಗಿನ್ನೂ ನಾಲ್ಕು ಗಂಟೆ.

ಮನೆಗೆ ಹಾರಿಕೊಂಡು ಬಂದೆ ಅಂದರೂ ತಪ್ಪಿಲ್ಲ. ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ಎಲ್ಲ ಹೇಳಿದೆ. ಗಡಿಯಾರ ಇಟ್ಟದ್ದು, ಕಿವಿ ಕೆಂಪಾದದ್ದು, ಅವರ ಮಾತನ್ನೇ ಅವರಿಗೆ ತಿರುಗಿಸಿದ್ದು, ಒಂದೂ ಬಿಡದೆ. ಅಮ್ಮ ಬಟಾಣಿ ಬಿಡಿಸುತ್ತಾ ಕೇಳಿದಳು. ಶಭಾಶ್ ಅನ್ನುತ್ತಾಳೆ ಅಂತ ಕಾದೆ.

"ನನ್ನ ಮಾತು ಏನಾದ್ರೂ ಬಂತಾ?" ಎಂದಳು.

"ನಿನ್ನ ಮಾತಾ? ಇಲ್ಲ. ಆದ್ರೆ ಎಲ್ಲರಿಗೂ ಅರ್ಥ ಆಗಿರತ್ತೆ ಬಿಡು."

"ಹೂಂ," ಎಂದು ಸಿಪ್ಪೆ ಒಟ್ಟುಮಾಡಿಕೊಂಡು ಎದ್ದಳು.

ಆದರೂ ಶನಿವಾರ ಬೆಳಗ್ಗೆ ತಾನಾಗಿಯೇ ಹೇಳಿದಳು, "ನಾಳೆ ನಾನೂ ಬರ್ತೀನಿ. ಆ ನೀಲಿ ಸೀರೆಗೆ ಸ್ವಲ್ಪ ಇಸ್ತ್ರಿ ಮಾಡಿಕೊಡು." ನನ್ನ ಖುಷಿಗೆ ಪಾರವೇ ಇಲ್ಲ. ನೋಡಿದೆಯಾ, ಆ ಮನುಷ್ಯನ ಸೊಕ್ಕು ಇಳಿಸಿದ್ದಕ್ಕೆ ಇವಳಿಗೆ ಧೈರ್ಯ ಬಂತು ಅಂದುಕೊಂಡೆ. ಅಮ್ಮ ಅಲ್ಲಿಗೆ ಒಯ್ಯಲು ಚಕ್ಕುಲಿ ಹಿಟ್ಟು ಕಲಸಿದಳು. ನಾನು ಸೀರೆ ಇಸ್ತ್ರಿ ಮಾಡಿದೆ. ಮಧ್ಯಾಹ್ನ ಮೊದಲ ಬಾಣಲೆ ಚಕ್ಕುಲಿ ಎಣ್ಣೆಯಲ್ಲಿ ಇರುವಾಗ ನನ್ನ ಫೋನು ಸದ್ದು ಮಾಡಿತು. ಹಿರಿಯರು ಗುಂಪಿಗೆ ಬರೆದಿದ್ದರು. ಇನ್ನು ಮುಂದೆ ನಮ್ಮ ಮನೆಯಲ್ಲಿ ಭಾನುವಾರದ ವೀಕ್ಷಣೆ ಇರುವುದಿಲ್ಲ, ಅವರವರ ಮನೆಯಲ್ಲೇ ನೋಡಿಕೊಳ್ಳಬಹುದು, ಈ ವರ್ಷದ ನಾಟಕಕ್ಕೂ ಬೇರೆಯವರನ್ನು ನೋಡಿಕೊಳ್ಳಿ, ದೇವರು ಎಲ್ಲರನ್ನೂ ಆಶೀರ್ವದಿಸಲಿ. ಅದರ ಕೆಳಗೆ ಆಗಲೇ ಒಂಬತ್ತು ಹೆಬ್ಬೆರಳಿನ ಚಿತ್ರ ಬಿದ್ದಿದ್ದವು.

ಅಮ್ಮನಿಗೆ ಓದಿ ಹೇಳಿದೆ. ಅವಳು ಒಲೆ ಆರಿಸಿದಳು, ಕೈ ಒರೆಸಿಕೊಂಡಳು, ತನ್ನ ಕೋಣೆಗೆ ಹೋಗಿ ಒಂದು ಪುಸ್ತಕ ತಂದು ಊಟದ ಮೇಜಿನ ಮೇಲೆ ಇಟ್ಟಳು. ದೊಡ್ಡ ಅಕ್ಷರದ ಸತ್ಯವೇದ. ಚಿಕ್ಕಮ್ಮನಿಗೆ ಹೇಳಿ ತುಮಕೂರಿನಿಂದ ಕೊರಿಯರ್‌ನಲ್ಲಿ ತರಿಸಿಕೊಂಡಿದ್ದಳಂತೆ. ಒಳಗೆ ಗುರುತಿಗೆ ಬಸ್ಸಿನ ಹಳೆಯ ಟಿಕೆಟ್ ಇಟ್ಟಿದ್ದಳು. ಯೋಹಾನ, ಎರಡನೇ ಅಧ್ಯಾಯ.

"ಎರಡು ತಿಂಗಳಿಂದ ಬಿಸಿಲಲ್ಲಿ ಕೂತು ಇದನ್ನೇ ಓದ್ತಾ ಇದ್ದೆ," ಎಂದಳು. "ಮೊದಮೊದಲು ಒಂದು ವಚನಕ್ಕೆ ಒಂದು ಮಧ್ಯಾಹ್ನ ಹೋಗ್ತಿತ್ತು. ಈಗ ಎರಡು ನಿಮಿಷದಲ್ಲಿ ತೆಗೆದು ಓದ್ತೀನಿ. ಅಡುಗೆಮನೆ ಗಡಿಯಾರ ನೋಡ್ಕೊಂಡೇ ಅಭ್ಯಾಸ ಮಾಡಿದ್ದು. ಕೇಳು. ಮಗನನ್ನೂ ಶಿಷ್ಯರನ್ನೂ ಮದುವೆಗೆ ಕರೆದಿದ್ರು ಅಂತ ಬರೆದಿದೆ. ತಾಯಿನ ಕರೆದಿದ್ರು ಅಂತ ಬರೆದಿಲ್ಲ. ಅಲ್ಲಿ ಇದ್ದಳು ಅಂತ ಬರೆದಿದೆ. ಕರೆಸ್ಕೊಂಡೋರು ಊಟಕ್ಕೆ ಕೂರ್ತಾರೆ. ಕರೆಯೋಕೆ ಮುಂಚೇನೇ ಇರೋರು ಯಾರು? ಕೆಲಸಕ್ಕೆ ನಿಂತೋರು. ಆಳುಗಳಿಗೆ, ಅವನು ಹೇಳಿದ ಹಾಗೆ ಮಾಡ್ರಪ್ಪಾ ಅಂದವಳೂ ಅವಳೇ. ಇನ್ನೊಬ್ಬರ ಮನೆ ಆಳುಗಳಿಗೆ ಅಪ್ಪಣೆ ಮಾಡೋಕೆ ಅತಿಥಿಗೆ ಯಾರು ಬಿಡ್ತಾರೆ? ಊಟದ ಪಾರುಪತ್ಯಗಾರನಿಗೇ ಆ ರಸ ಎಲ್ಲಿಂದ ಬಂತು ಅಂತ ಗೊತ್ತಿರಲಿಲ್ಲ, ಆಳುಗಳಿಗೆ ಗೊತ್ತಿತ್ತು ಅಂತಾನೂ ಬರೆದಿದೆ. ಇಷ್ಟೂ ಆ ಸಾರ್ ಮುಖ ನೋಡಿ ಹೇಳ್ಬೇಕು ಅಂತಿದ್ದೆ. ಬರೀರಿ ಸಾರ್, ಇದೆ ಅಂತ ಬರೀರಿ, ಅನ್ನಬೇಕು ಅಂತಿದ್ದೆ."

ನಾನು ಎಷ್ಟೋ ಸಲ ಓದಿದ ಅಧ್ಯಾಯ ಅದು. ನನಗೆ ಕಂಡಿರಲಿಲ್ಲ.

"ನನಗೆ ಯಾಕಮ್ಮ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ನೀನು ಹೋಗಿ ಹೇಳಿಬಿಡ್ತಿದ್ದೆ. ಸಿಟ್ಟು ನಂದು ಕಣೇ. ನಿನಗೆ ಯಾರು ಕೊಟ್ಟರು ಅದನ್ನ?"

"ಎಲ್ಲರನ್ನೂ ನಮ್ಮ ಮನೆಗೇ ಕರೀತೀನಿ. ನಾಳೆಯೇ ಕರೀತೀನಿ."

"ಆ ಸಾರ್ ಬರ್ತಾರಾ?"

ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಾಣಲೆಯಲ್ಲಿ ಚಕ್ಕುಲಿ ಎಣ್ಣೆ ಕುಡಿಯುತ್ತಾ ಮೆತ್ತಗಾಗುತ್ತಿತ್ತು. ನಾನು ಕುರ್ಚಿ ಎಳೆದು ಅವಳ ಎದುರಿಗೆ ಕೂತೆ.

"ನನ್ನ ಮುಂದೆ ಓದಮ್ಮ. ಪೂರ್ತಿ ಓದು, ಕೇಳ್ತೀನಿ."

ಅಮ್ಮ ಪುಸ್ತಕ ಮುಚ್ಚಿದಳು.

"ನೀನು ನಕ್ಕಿರಲಿಲ್ಲವಲ್ಲ," ಎಂದಳು. "ನಕ್ಕವರ ಮುಂದೆ ಓದಬೇಕಿತ್ತು."